ಒಂಬತ್ತನೇ ಮೊಳೆಯ ನೂಲು

ಈಗ ರೋಗಿಗಳ ವಿವರವೆಲ್ಲ ಕಂಪ್ಯೂಟರಿನೊಳಗೆ ಇರುತ್ತದೆ. ನಮ್ಮ ಕಾಲದಲ್ಲಿ ಅದು ಗೋಡೆಯ ಮೇಲೆ ನೇತಾಡುತ್ತಿತ್ತು. ಹದಿನಾರು ಮೊಳೆ, ಹದಿನಾರು ಮಂದಿ. ಪ್ರತಿ ಮೊಳೆಗೂ ಗಂಟು ಹಾಕಿದ ನೂಲಿನ ಕಟ್ಟುಗಳು. ಕೆಲವು ಬಿಳಿ, ಕೆಲವು ಕೆಂಪು. ಬಿಸಿಲು ಏರಿದ ಮೇಲೆ ಕಡಲ ಗಾಳಿ ಏಳುತ್ತದೆ. ಆಗ ಕಿಟಕಿ ತೆರೆದರೆ ಅವೆಲ್ಲ ಒಟ್ಟಿಗೆ ಅಲುಗಾಡಿ ಗೋಡೆಯ ಸುಣ್ಣವನ್ನು ಕೆರೆಯುತ್ತಿದ್ದವು. ಇಲಿ ಓಡಾಡಿದ ಹಾಗೆ ಸಣ್ಣ ಸದ್ದು. ಆ ಕೋಣೆಗೆ ಬಂದವರು ಯಾರೂ ಆ ಗೋಡೆಗೆ ಬೆನ್ನು ಹಾಕಿ ಕೂರುತ್ತಿರಲಿಲ್ಲ. ನಾನು ಕೂರುತ್ತಿದ್ದೆ. ನನ್ನ ಮೇಜು ಇದ್ದದ್ದೇ ಅಲ್ಲಿ.

ವೈದ್ಯಕೀಯ ಸಂಶೋಧನೆಯ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಒಮ್ಮೊಮ್ಮೆ ನನ್ನ ಮನೆಗೆ ಬರುತ್ತಾರೆ. "ಆಂಟಿ, ನಿಮ್ಮ ಅನುಭವ ಹೇಳಿ" ಎನ್ನುತ್ತಾರೆ. ಯಾವ ವರ್ಷ ಯಾವ ಹುದ್ದೆ ಸಿಕ್ಕಿತು ಎಂಬುದರಿಂದ ಅವರಿಗೆ ಆಗಬೇಕಾದದ್ದು ಏನೂ ಇಲ್ಲ. ಅದಕ್ಕೆ ಆ ಗೋಡೆಯ ಬಗ್ಗೆಯೇ ಬರೆಯುತ್ತೇನೆ.

ನಮ್ಮ ಮನೆಯಲ್ಲಿ ನನಗಿಂತ ಮೊದಲು ಹೈಸ್ಕೂಲಿನ ಮೆಟ್ಟಿಲು ಹತ್ತಿದವರು ಯಾರೂ ಇಲ್ಲ. ಅಪ್ಪ ಬೇಗ ತೀರಿಕೊಂಡರು. ಅಮ್ಮ ಒಂದು ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕೆಲಸ ಮಾಡುತ್ತಿದ್ದಳು. ಸೋಡಾಪುಡಿಯ ನೀರಿನಲ್ಲಿ ಅವಳ ಬೆರಳಿನ ತುದಿಗಳ ಚರ್ಮ ಸುಲಿದು ಹೋಗಿತ್ತು. ಆ ಬೆರಳುಗಳ ಮೇಲೆ ನನ್ನ ಬಿ.ಎಸ್ಸಿ. ನಿಂತಿತ್ತು. ಇದನ್ನು ಹೇಳಲಿಕ್ಕೆ ನನಗೆ ನಾಚಿಕೆ ಇಲ್ಲ, ಜಂಬ ಉಂಟು. ಆ ಜಂಬ ಏನು ಮಾಡಿತು ಎಂಬುದೂ ಈ ಕಥೆಯಲ್ಲಿ ಉಂಟು.

ಡಿಗ್ರಿ ಸಿಕ್ಕಿದ ವರ್ಷವೇ, ಐವತ್ತರ ದಶಕದ ಕೊನೆಯ ಹೊತ್ತಿಗೆ, ಮಂಗಳೂರಿನ ಕಂಕನಾಡಿಯ ಒಂದು ಹಳೆಯ ಹಂಚಿನ ಮನೆಯಲ್ಲಿ ನನಗೆ ಕೆಲಸವಾಯಿತು. ಆ ಮನೆ ಮೋನಬ್ಬ ಹಾಜಿಯವರದ್ದು. ಬಂದರಿನಲ್ಲಿ ಅವರಿಗೆ ಕೊಬ್ಬರಿಯ ದೊಡ್ಡ ವ್ಯಾಪಾರ. ಅವರ ಮಗಳು ನೆಬಿಸಾ ಇಪ್ಪತ್ತು ತುಂಬುವ ಮೊದಲೇ ರಕ್ತಭೇದಿಯಿಂದ ತೀರಿಹೋಗಿದ್ದಳು. ಎರಡು ವರ್ಷ ಅವಳಿಗೆ ಆಮಶಂಕೆಯ ಮದ್ದು ಕೊಟ್ಟಿದ್ದರು. ಕೊನೆಗೆ ನೋಡಿದ ಡಾಕ್ಟರ್ ಲಿಯೋ ಮಾತ್ರ, "ಇದು ಆಮಶಂಕೆ ಅಲ್ಲ, ದೊಡ್ಡ ಕರುಳೇ ಉರಿದು ಹುಣ್ಣಾಗುವ ಬೇರೆ ಕಾಯಿಲೆ" ಎಂದರು. ಆಗ ತಡವಾಗಿತ್ತು. ಅದು ಬಿಳಿಯರಿಗೆ ಬರುವ ಕಾಯಿಲೆ, ನಮ್ಮ ಕಡೆ ಇಲ್ಲ ಎಂದು ದೊಡ್ಡ ದೊಡ್ಡ ಡಾಕ್ಟರುಗಳೇ ನಂಬಿದ್ದ ಕಾಲ. ಹಾಜಿಯವರು ಮಗಳ ಹೆಸರನ್ನು ಎಲ್ಲಿಯೂ ಹಾಕದೆ ಮನೆ ಬಿಟ್ಟುಕೊಟ್ಟರು, ಮುಂಬಯಿಯಿಂದ ಆ ಕಾಯಿಲೆಯ ಹಳದಿ ಮಾತ್ರೆ ತರಿಸುವ ವ್ಯವಸ್ಥೆ ಮಾಡಿದರು, ಡಾಕ್ಟರ್ ಲಿಯೋ ಅವರಿಗೆ ಸಂಶೋಧನೆ ಮಾಡಲು ಹೇಳಿದರು. ಊರಿನಲ್ಲಿ ಇದನ್ನು ಕರುಳು ನಿಧಿ ಎಂದು ಕರೆಯುತ್ತಿದ್ದರು.

ಹಾಜಿಯವರ ಷರತ್ತು ಒಂದೇ. ನನ್ನ ಎದುರಿಗೇ ಹೇಳಿದ್ದರು.

"ಡಾಕ್ಟ್ರೇ, ನನಗೆ ಕಾಗದ ಓದ್ಲಿಕ್ಕೆ ಬರುವುದಿಲ್ಲ. ಒಬ್ಬರಾದರೂ ಗುಣ ಆದದ್ದನ್ನು ನನ್ನ ಕಣ್ಣಿಗೆ ತೋರಿಸಿ. ಮುಂದಿನ ವರ್ಷದ ಮಳೆಗಾಲ ಕಳೆದು ದೀಪಾವಳಿಯವರೆಗೆ ನೋಡ್ತೇನೆ. ಆಗ್ಲಿಲ್ಲವಾದರೆ ಈ ದುಡ್ಡನ್ನು ಅನಾಥ ಮಕ್ಕಳ ಯತೀಂಖಾನೆಗೆ ಕೊಡ್ತೇನೆ. ಅಲ್ಲಿ ಮಕ್ಕಳು ಊಟ ಮಾಡುವುದಾದರೂ ಕಾಣ್ತದೆ."

ಅಂದರೆ ಗುಣವಾದ ಒಬ್ಬರನ್ನು ತೋರಿಸದೆ ಹೋದರೆ ಹದಿನಾರು ಮಂದಿಯ ಮಾತ್ರೆ ನಿಲ್ಲುತ್ತದೆ. ಅದನ್ನು ಮರೆಯಲು ನಮಗೆ ಆಗುತ್ತಿರಲಿಲ್ಲ.

ನನ್ನ ಕೆಲಸ ಮನೆಮನೆಗೆ ಹೋಗಿ, ದಿನಕ್ಕೆ ಎಷ್ಟು ಸಲ ಹೊರಗೆ ಹೋದಿರಿ, ರಕ್ತ ಇತ್ತೋ ಇಲ್ಲವೋ ಎಂದು ಕೇಳಿ ಬರೆಯುವುದು. ಮೊದಲ ತಿಂಗಳಲ್ಲಿಯೇ ಮುಖಭಂಗವಾಯಿತು. ಯಾರನ್ನು ಕೇಳಿದರೂ "ಎರಡು ಸಲ" ಎಂಬ ಒಂದೇ ಉತ್ತರ. ಮಾತಾಡುತ್ತಾ ಮಾತಾಡುತ್ತಾ ಎದ್ದು ಹಿತ್ತಿಲಿಗೆ ಓಡಿ, ವಾಪಸು ಬಂದು, ಬೆವರು ಒರೆಸಿಕೊಂಡು "ಎರಡೇ ಸಲ" ಎನ್ನುತ್ತಿದ್ದರು. ಕದ್ರಿ ಗುಡ್ಡದ ಕೆಳಗೆ ಬೀಡಿ ಕಟ್ಟುವ ಸುಂದರಿ ಎಂಬವಳಂತೂ ಬೀಡಿ ಎಲೆಯ ಮೊರ ಮಡಿಲಲ್ಲಿ ಇಟ್ಟುಕೊಂಡೇ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ಎಂತ ಬಾಯಮ್ಮ, ನೀವು ಬಿ.ಎಸ್ಸಿ. ಕಲಿತದ್ದು ಇದನ್ನು ಕೇಳ್ಲಿಕ್ಕಾ?"

ಅವಳ ಓರಗಿತ್ತಿ ಒಳಗಿನಿಂದ, "ಇನ್ನು ಎಂ.ಎಸ್ಸಿ. ಕಲಿತವರು ಬಂದರೆ ಎಂತ ಕೇಳ್ತಾರೋ ಮಾರಾಯ್ತಿ!" ಎಂದು ನಕ್ಕಳು.

ಮನೆಗೆ ಬಂದು ಅಮ್ಮನ ಹತ್ತಿರ ಅತ್ತೆ. ಅಮ್ಮ ಸಮಾಧಾನ ಹೇಳಲಿಲ್ಲ. "ಬಾಯಿಯಲ್ಲಿ ಹೇಳಲಿಕ್ಕೆ ನಾಚಿಕೆ ಆಗುವುದನ್ನು ಕೈಯಲ್ಲಿ ಹೇಳಲಿ" ಎಂದಳು. ಅವಳು ಒಗೆಯುವ ಕೊಟ್ಟಿಗೆಯಲ್ಲಿ ಬೇರೆ ಬೇರೆ ವಾರ್ಡಿನ ಬಟ್ಟೆ ಬೆರಕೆಯಾಗದ ಹಾಗೆ ಅಂಚಿಗೆ ನೂಲು ಪೋಣಿಸಿ ಗಂಟು ಹಾಕುವ ಪದ್ಧತಿ ಇತ್ತು. ಓದು ಬಾರದ ಹೆಂಗಸರು ಗಂಟು ಮುಟ್ಟಿ ವಾರ್ಡು ಹೇಳುತ್ತಿದ್ದರು. ಅದರಿಂದ ನಮ್ಮ ಪದ್ಧತಿ ಹುಟ್ಟಿತು. ದಿನಕ್ಕೆ ಒಂದು ನೂಲು. ರಕ್ತ ಇದ್ದ ದಿನ ಕೆಂಪು, ಇಲ್ಲದ ದಿನ ಬಿಳಿ. ಒಮ್ಮೆ ಹೊರಗೆ ಹೋದರೆ ಒಂದು ಗಂಟು. ವಾರಕ್ಕೆ ಏಳು ನೂಲು ಸೇರಿಸಿ ಒಂದು ಕಟ್ಟು. ಯಾರೂ ಯಾರ ಹತ್ತಿರವೂ ಏನನ್ನೂ ಹೇಳಬೇಕಾಗಿಲ್ಲ.

ಡಾಕ್ಟರ್ ಲಿಯೋ ಮೊದಲು ಮೂಗು ಮುರಿದರು. ಮೊದಲ ವಾರದ ಕಟ್ಟುಗಳು ಬಂದಾಗ ಬಾಯಿ ಮುಚ್ಚಿತು. ಎರಡು ಸಲ ಎಂದ ಸುಂದರಿಯ ಒಂದೊಂದು ನೂಲಿನಲ್ಲೂ ಹದಿನಾಲ್ಕು ಗಂಟು ಇದ್ದವು, ಏಳು ನೂಲೂ ಕೆಂಪು.

"ಮಿಸ್ ಸಿಸಿಲಿ," ಎಂದರು ಡಾಕ್ಟರ್, "ಮನುಷ್ಯರು ಸುಳ್ಳು ಹೇಳ್ತಾರೆ. ನೂಲು ಹೇಳುವುದಿಲ್ಲ."

ಅವರು ಬುದ್ಧಿವಂತರು, ಮುಂಗೋಪಿ. ಎಲ್ಲದಕ್ಕೂ ನಿಯಮ ಮಾಡುತ್ತಿದ್ದರು. ಮೂರು ವಾರ ನೂಲು ಬಾರದಿದ್ದರೆ ಮೊಳೆ ಕೀಳಬೇಕು, ಮಾತ್ರೆ ನಿಲ್ಲಿಸಬೇಕು. ಬಿಗಿಯದ ಗಂಟನ್ನು ಲೆಕ್ಕಕ್ಕೆ ಹಿಡಿಯಬಾರದು. ಈ ಎರಡನೆಯ ನಿಯಮಕ್ಕೆ ಕಾರಣ ಬಂದರಿನಲ್ಲಿ ಹಗ್ಗದ ಕೆಲಸ ಮಾಡುವ ಒಬ್ಬರು. ಅವರು ದೋಣಿ ಕಟ್ಟುವ ಗಂಟುಗಳನ್ನೆಲ್ಲ ಹಾಕಿ ಕಳುಹಿಸುತ್ತಿದ್ದರು. ಜಾರುಗಂಟು, ಜೋಡಿಗಂಟು, ಅರ್ಧಗಂಟು. ಡಾಕ್ಟರ್ ಕನ್ನಡಕ ಹಣೆಗೇರಿಸಿ ಅರ್ಧ ಗಂಟೆ ಎಣಿಸಿ ಸೋತರು. ಕೇಳಲು ಹೋದರೆ, "ಎಣಿಸ್ಲಿಕ್ಕೆ ಬಾರದಿದ್ದರೆ ಅದು ನನ್ನ ಹೊಟ್ಟೆಯ ತಪ್ಪಾ?" ಎಂದರಂತೆ.

ಮೂರು ವಾರದ ನಿಯಮವನ್ನು ಎಲ್ಲರಿಗೂ ತಿಳಿಸಿದವಳು ನಾನು. ಸ್ವಲ್ಪ ಗಟ್ಟಿಯಾಗಿಯೇ ತಿಳಿಸಿದೆ. ಬಟ್ಟೆ ಒಗೆಯುವವಳ ಮಗಳ ಮಾತನ್ನು ಜನ ಕೇಳುವುದು ನನಗೆ ಹೊಸತು.

ಒಂಬತ್ತನೇ ಮೊಳೆ ಬಿಕರ್ನಕಟ್ಟೆಯ ಲಿಲ್ಲಿಯದ್ದು. ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದಳು. ಪಾಠದ ನಡುವೆ ಹತ್ತು ಸಲ ಹೊರಗೆ ಓಡುವ ಟೀಚರನ್ನು ಯಾರು ಇಟ್ಟುಕೊಳ್ಳುತ್ತಾರೆ? ಕೆಲಸ ಹೋಯಿತು. ತಾಯಿ ಪಾವ್ಲಿನ್ ಬಾಯಿ ಮನೆಯಲ್ಲಿ ಮೇಣದ ಬತ್ತಿ ಮಾಡಿ ಗುರುವಾರ ಬಾಲ ಯೇಸುವಿನ ಗುಡಿಗೆ ಬರುವವರಿಗೆ ಮಾರುತ್ತಿದ್ದರು. ಮನೆಯಲ್ಲಿ ಅವರಿಬ್ಬರೇ. ಲಿಲ್ಲಿಗೆ ನನ್ನದೇ ಪ್ರಾಯ. ಮೊಣಕಾಲು ಮುಟ್ಟುವ ಕೂದಲು. ಎಷ್ಟು ಬಳಲಿದ್ದರೂ ತಮಾಷೆ ಬಿಡುತ್ತಿರಲಿಲ್ಲ.

"ಸಿಸಿಲಿ, ನನ್ನ ಈ ತಿಂಗಳ ನೂಲನ್ನು ಬಿಸಾಡಬೇಡ ಮಾರಾಯ್ತಿ. ನಿನ್ನ ಮದುವೆಗೆ ಒಂದು ಕೆಂಪು ಸ್ವೆಟರ್ ಆಗ್ತದೆ."

"ಮಂಗಳೂರಿನ ಸೆಕೆಗೆ ಸ್ವೆಟರಾ?"

"ಹಾಕ್ಲಿಕ್ಕಲ್ಲ. ಗಂಡನನ್ನು ಹೆದರಿಸ್ಲಿಕ್ಕೆ."

ಅವಳ ನೂಲಿನ ಗಂಟುಗಳಲ್ಲಿ ಒಮ್ಮೊಮ್ಮೆ ಒಂದು ಉದ್ದದ ಕಪ್ಪು ಕೂದಲು ಸಿಕ್ಕಿಕೊಂಡು ಬರುತ್ತಿತ್ತು. ಕಟ್ಟುಗಳಿಗೆಲ್ಲ ಅವರವರ ಮನೆಯ ವಾಸನೆ ಇರುತ್ತಿತ್ತು. ಸುಂದರಿಯದ್ದಕ್ಕೆ ಹೊಗೆಸೊಪ್ಪು, ಹಗ್ಗದವರದ್ದಕ್ಕೆ ಒಣಮೀನು, ಲಿಲ್ಲಿಯದ್ದಕ್ಕೆ ತೆಂಗಿನೆಣ್ಣೆ.

ಎರಡನೆಯ ವರ್ಷ ಡಾಕ್ಟರ್ ಮನೆಭೇಟಿ ನಿಲ್ಲಿಸಿದರು. "ನೂಲು ಬರ್ತಾ ಉಂಟಲ್ಲ, ನೀವು ಯಾಕೆ ಬಿಸಿಲಲ್ಲಿ ತಿರುಗುವುದು? ಕೂತು ಚಾರ್ಟು ಮಾಡಿ." ಮೇಲೆ ಫ್ಯಾನು, ಮುಂದೆ ಮೇಜು, ಕೈಯಲ್ಲಿ ಸ್ಕೇಲು. ನನಗೆ ಖುಷಿಯಾಗಲಿಲ್ಲ ಎಂದರೆ ಅದು ಸುಳ್ಳು. ಬಿಕರ್ನಕಟ್ಟೆ ಕಡೆಯವರಿಗಾಗಿ ಗುಡಿಯ ಹತ್ತಿರದ ಉಸ್ಮಾನನ ಸೋಡಾ ಅಂಗಡಿಯಲ್ಲಿ ಒಂದು ಬಿಸ್ಕೆಟಿನ ಡಬ್ಬಿ ಇಟ್ಟೆವು. ಗುರುವಾರ ನೂಲು ಹಾಕಿ ತಮ್ಮ ಹೆಸರಿನ ಮಾತ್ರೆಯ ಪೊಟ್ಟಣ ತೆಗೆದುಕೊಂಡು ಹೋಗುವುದು. ಶುಕ್ರವಾರ ಬೆಳಿಗ್ಗೆ ಬಸ್ಸಿನ ಕಂಡಕ್ಟರ್ ಡಬ್ಬಿಯನ್ನು ಕಂಕನಾಡಿಯಲ್ಲಿ ನನ್ನ ಕೈಗೆ ಕೊಡುತ್ತಿದ್ದ. ಕಂಕನಾಡಿಯಿಂದ ಬಿಕರ್ನಕಟ್ಟೆ ಎಷ್ಟು ದೂರ? ನಡೆದರೂ ದೊಡ್ಡ ದಾರಿಯಲ್ಲ. ಇಡೀ ಮಳೆಗಾಲ ನಾನು ಅಲ್ಲಿಗೆ ಹೋಗಲಿಲ್ಲ.

ಜೂನಿನಲ್ಲಿ ಒಂದು ವಾರ ಲಿಲ್ಲಿಯ ಕಟ್ಟು ಏಳೂ ಕೆಂಪಾಗಿ ಬಂತು. ಹಿಂದೆಯೂ ಹಾಗೆ ಬಂದದ್ದುಂಟು, ಆದರೆ ಈ ಸಲ ಗಂಟಿನ ಮೇಲೆ ಗಂಟು ಕೂತು ನೂಲೇ ಗಿಡ್ಡವಾಗಿತ್ತು. ಎಣಿಸಿದೆ, ಕಾರ್ಡಿನಲ್ಲಿ ಬರೆದೆ, ಮೊಳೆಗೆ ಹಾಕಿದೆ. ಮುಂದಿನ ಎರಡು ವಾರ ನೂಲು ಬರಲಿಲ್ಲ. ಮೂರನೆಯ ವಾರ ಬಂತು. ಏಳೂ ಬಿಳಿ. ಒಂದೊಂದರಲ್ಲಿ ಒಂದೇ ಗಂಟು.

ನಾನು ಕುರ್ಚಿಯಿಂದ ಎದ್ದೇ ನಿಂತೆ. ಹೊಸ ಪ್ರಮಾಣದ ಮಾತ್ರೆಯನ್ನು ಮೇ ತಿಂಗಳಲ್ಲಿ ಶುರು ಮಾಡಿದ್ದೆವು. ಮುಂದಿನ ವಾರವೂ ಬಿಳಿ, ಅದರ ಮುಂದಿನ ವಾರವೂ ಬಿಳಿ. ಚಾರ್ಟಿನಲ್ಲಿ ಲಿಲ್ಲಿಯ ಗೆರೆ ಗುಡ್ಡದ ತುದಿಯಿಂದ ಕಲ್ಲು ಬಿದ್ದ ಹಾಗೆ ನೇರ ಕೆಳಗಿಳಿದು ಅಲ್ಲಿಯೇ ನಿಂತಿತು. ಇಂಥ ಚಂದದ ಗೆರೆಯನ್ನು ನಾನು ಅದುವರೆಗೆ ಎಳೆದಿರಲಿಲ್ಲ. ಡಾಕ್ಟರ್ ಅದನ್ನು ಗಾಜಿನ ಕೆಳಗೆ ಇಟ್ಟರು.

ಆದರೆ ಆ ಕಟ್ಟು ಮುಟ್ಟಿದಾಗಲೆಲ್ಲ ನನಗೆ ಏನೋ ಆಗುತ್ತಿತ್ತು. ತೆಂಗಿನೆಣ್ಣೆಯ ವಾಸನೆ ಹೋಗಿ ಮೇಣದ ವಾಸನೆ ಬಂದಿತ್ತು. ನೂಲು ಸ್ವಲ್ಪ ಬಿರುಸಾಗಿತ್ತು. ಏಳು ನೂಲನ್ನು ಪಕ್ಕ ಪಕ್ಕ ಇಟ್ಟರೆ ಏಳು ಗಂಟೂ ಒಂದೇ ಸಾಲಿನಲ್ಲಿ, ಅಳೆದು ಇಟ್ಟ ಹಾಗೆ. ಬದುಕಿದವರ ಹೊಟ್ಟೆಗೆ ಇಷ್ಟು ಶಿಸ್ತು ಇರುವುದಿಲ್ಲ. ಎರಡನೆಯ ವರ್ಷವೂ ಇದೇ ಕೆಲಸ ಮಾಡುತ್ತಿದ್ದ ನನಗೆ ಅದು ಹೊಳೆಯಬೇಕಿತ್ತು. ಒಮ್ಮೆ ಗಂಟಿನಲ್ಲಿ ಒಂದು ಕೂದಲು ಸಿಕ್ಕಿತು. ಬಿಳಿ ಕೂದಲು. ನೂಲಿನ ಎಳೆಯೇ ಇರಬೇಕೆಂದು ಊದಿಬಿಟ್ಟೆ.

ಹಾಜಿಯವರು ಪ್ರತಿ ಶುಕ್ರವಾರ ಜುಮಾ ನಮಾಜು ಮುಗಿಸಿ ಬರುವವರು. ಕುರ್ಚಿ ಕೊಟ್ಟರೂ ಕೂರುವುದಿಲ್ಲ. ಗೋಡೆಯ ಉದ್ದಕ್ಕೆ ನಡೆದು ಒಂದೊಂದೇ ಕಟ್ಟನ್ನು ಬೆರಳ ನಡುವೆ ಹಿಡಿದು, ತಸ್ಬಿಹ್ ಜಪಮಾಲೆಯ ಮಣಿ ಎಣಿಸಿದ ಹಾಗೆ ಗಂಟುಗಳನ್ನು ಮುಟ್ಟುತ್ತಾ ಹೋಗುತ್ತಿದ್ದರು. ಅವರ ಓದು ಅದೇ. ಆಗಸ್ಟಿನ ಒಂದು ಶುಕ್ರವಾರ ಒಂಬತ್ತನೆಯದನ್ನು ಮುಟ್ಟಿ ಕೈ ಹಿಂದೆ ತೆಗೆದರು.

"ಬಾಯಮ್ಮ, ಇದು ಎಂತ ಹೀಗೆ ತಣ್ಣಗೆ?"

"ಮಳೆಗಾಲ ಅಲ್ವಾ ಹಾಜಿಯವರೇ, ಎಲ್ಲ ತಂಪಾಗಿರ್ತದೆ."

ಅವರು ಎಂಟನೆಯದನ್ನು ಮುಟ್ಟಿದರು, ಹತ್ತನೆಯದನ್ನು ಮುಟ್ಟಿದರು. ಮತ್ತೆ ಒಂಬತ್ತಕ್ಕೆ ಬಂದರು. "ಬೇರೆಯವು ಹೀಗೆ ಇಲ್ಲ. ನನ್ನ ನೆಬಿಸಾ ಹೋದ ಮೇಲೆ ಅವಳ ತಸ್ಬಿಹ್ ಮುಟ್ಟಿದರೆ ಹೀಗೇ ಆಗ್ತಿತ್ತು."

"ಇವಳು ಪೂರ್ತಿ ಗುಣ ಆಗಿದ್ದಾಳೆ," ಎಂದೆ ನಾನು ಹೆಮ್ಮೆಯಿಂದ. "ಲಿಲ್ಲಿ ಅಂತ. ಚಾರ್ಟು ನೋಡಿ."

ಅವರು ಚಾರ್ಟು ನೋಡಲಿಲ್ಲ. "ಹಾಗಾದರೆ ಆ ಮಗಳನ್ನೇ ಒಮ್ಮೆ ಕರ್ಕೊಂಡು ಬನ್ನಿ. ನೋಡಿದರೆ ಸಾಕು. ಮತ್ತೆ ನಾನು ಎಂತದೂ ಕೇಳುವುದಿಲ್ಲ" ಎಂದರು.

ಮಳೆ ಬಿಡಲಿ ಎಂದು ಕಾದೆವು. ಅಕ್ಟೋಬರಿನಲ್ಲಿ ಸುಂದರಿ ತಾನಾಗಿಯೇ ಕಂಕನಾಡಿಗೆ ಬಂದಳು. ಆ ವಾರದ ಅವಳ ನೂಲಿನಲ್ಲಿ ಎರಡೇ ಕೆಂಪು ಇದ್ದವು. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಚಾಪೆಯಲ್ಲಿ ಕೂತು ಬೀಡಿ ಕಟ್ಟಲು ಅವಳಿಗೆ ಈಗ ಆಗುತ್ತಿತ್ತು.

"ದೀಪಾವಳಿಗೆ ಮಾತ್ರೆ ನಿಲ್ತದೆ ಅಂತ ಹೇಳ್ತಾರಲ್ಲ, ಹೌದಾ ಬಾಯಮ್ಮ?"

"ಇಲ್ಲ. ಒಬ್ಬಳು ಪೂರ್ತಿ ಗುಣ ಆಗಿದ್ದಾಳೆ. ಅವಳನ್ನು ಹಾಜಿಯವರಿಗೆ ತೋರಿಸಿದರೆ ಎಲ್ಲರಿಗೂ ಸಿಗ್ತದೆ."

ಅವಳು ನನ್ನ ಕೈ ಹಿಡಿದಳು. "ಅವಳು ಯಾರೇ ಇರಲಿ, ದೇವರು ಅವಳಿಗೆ ನೂರು ವರ್ಷ ಕೊಡ್ಲಿ."

ಮಾರನೆಯ ದಿನ ಊಟದ ಹೊತ್ತು ಕಳೆದ ಮೇಲೆ ಬಿಕರ್ನಕಟ್ಟೆಗೆ ಹೋದೆ. ಒಳ್ಳೆಯ ಬಿಸಿಲಿತ್ತು. ಉಸ್ಮಾನ ಸೋಡಾ ಬಾಟಲಿಗಳನ್ನು ತೊಳೆಯುತ್ತಿದ್ದ.

"ಓಹೋ, ಬಾಯಮ್ಮನ ಸವಾರಿ ಎಲ್ಲಿಗೆ?"

"ಲಿಲ್ಲಿಯ ಮನೆಗೆ."

ಅವನ ಕೈ ನಿಂತಿತು. "ಲಿಲ್ಲಿಯ ಮನೆಗಾ," ಎಂದ. ಮತ್ತೆ ಬಾಟಲಿಯ ಕಡೆಗೆ ನೋಡುತ್ತಾ, "ತಾಯಿ ಇದ್ದಾರೆ, ಹೋಗಿ" ಎಂದ.

ಪಾವ್ಲಿನ್ ಬಾಯಿ ಜಗಲಿಯಲ್ಲಿ ಬತ್ತಿ ಎಳೆಯುತ್ತಾ ಕೂತಿದ್ದರು. ನನ್ನನ್ನು ಕಂಡು ಮುಖ ಅರಳಿತು. "ಯೇ ಬಾಯ್, ಬಸ್," ಬಾ ಮಗಳೇ ಕೂತುಕೋ ಎಂದು ಕೊಂಕಣಿಯಲ್ಲಿ ಕರೆದು, ಒಳಗೆ ತಿರುಗಿ ದೊಡ್ಡ ಸ್ವರದಲ್ಲಿ, "ಲಿಲ್ಲಿ, ಯಾರು ಬಂದದ್ದು ನೋಡು!" ಎಂದರು.

ಒಳಗಿನಿಂದ ಉತ್ತರ ಬರಲಿಲ್ಲ. ಅವರು ಉತ್ತರಕ್ಕೆ ಕಾದ ಹಾಗೂ ಕಾಣಲಿಲ್ಲ.

"ಹೇಗಿದ್ದಾಳೆ ಲಿಲ್ಲಿ?" ಎಂದೆ.

"ಒಳ್ಳೆದಿದ್ದಾಳೆ. ಈಗ ರಕ್ತ ಇಲ್ಲ. ನೋವು ಇಲ್ಲ. ಮೊದಲಿನ ಹಾಗೆ ಕೂಗುವುದಿಲ್ಲ. ನಾನೂ ನಿದ್ರೆ ಮಾಡ್ತೇನೆ."

"ನೋಡಬಹುದಾ?"

"ಹೋಗು, ಒಳಗೆ ಉಂಟಲ್ಲ ಅವಳ ಕೋಣೆ."

ಕೋಣೆಯಲ್ಲಿ ಮಂಚದ ಮೇಲೆ ಹಾಸಿಗೆ ಸುಕ್ಕಿಲ್ಲದೆ ಹಾಸಿತ್ತು. ಅದರ ಮೇಲೆ ಲಿಲ್ಲಿಯ ನೀಲಿ ಸೀರೆ, ಮಡಚಿ. ಕಿಟಕಿಯ ಹತ್ತಿರ ಬಟ್ಟಲಿನಲ್ಲಿ ಗಂಜಿ, ಮೇಲೆ ಕೆನೆ ಕಟ್ಟಿತ್ತು. ಪಕ್ಕದ ಮೇಜಿನಲ್ಲಿ ಬಿಳಿ ನೂಲಿನ ಉಂಡೆ, ಒಂದು ಬಾಲ ಯೇಸುವಿನ ಪಟ, ಬಳಸಿದ ಮೇಣದ ಬತ್ತಿ. ಕೆಂಪು ನೂಲಿನ ಉಂಡೆ ಕಾಣಲಿಲ್ಲ. ಹಾರ್ಲಿಕ್ಸಿನ ಬಾಟಲಿಯೊಂದರಲ್ಲಿ ಕತ್ತಿನವರೆಗೆ ಹಳದಿ ಮಾತ್ರೆಗಳು. ನಾವು ವಾರ ವಾರ ಕಳುಹಿಸಿದವು. ಒಂದನ್ನೂ ಮುಟ್ಟಿರಲಿಲ್ಲ.

ಹಿಂದಿನ ಬಾಗಿಲು ತೆರೆದಿತ್ತು. ನಮ್ಮ ಕೆಲಸದವರು ಯಾವ ಮನೆಗೆ ಹೋದರೂ ಮೊದಲು ನೋಡುವುದು ಹಿತ್ತಿಲಿನ ಕಕ್ಕಸಿಗೆ ಹೋಗುವ ದಾರಿಯನ್ನು. ಹಿಂದೆ ಬಂದಾಗ ಆ ದಾರಿ ಲಿಲ್ಲಿ ಓಡಿ ಓಡಿ ಅಂಗಳದ ಹಾಗೆ ಬೋಳಾಗಿತ್ತು. ಈಗ ಎರಡೂ ಬದಿಯಿಂದ ಹುಲ್ಲು ಒತ್ತಿಕೊಂಡು ಬಂದಿತ್ತು. ನಡುವೆ ಉಳಿದದ್ದು ಒಬ್ಬರ ಪಾದ ಹಿಡಿಯುವಷ್ಟು ಜಾಗ. ನಿಧಾನವಾಗಿ ನಡೆಯುವ ಒಬ್ಬರದ್ದು.

ನಾನು ಜಗಲಿಗೆ ಬಂದು ಅವರ ಎದುರು ನೆಲದ ಮೇಲೆ ಕೂತೆ.

"ಯಾವಾಗ, ಪಾವ್ಲಿನ್ ಬಾಯಿ?"

"ಜೂನಿನಲ್ಲಿ, ಸಂತ ಅಂತೋನಿಯ ಹಬ್ಬದ ವಾರ," ಎಂದರು, ಪೇಟೆಗೆ ಹೋದ ದಿನ ಹೇಳುವ ಹಾಗೆ. ಬತ್ತಿ ಎಳೆಯುವುದನ್ನು ನಿಲ್ಲಿಸಲಿಲ್ಲ.

"ನೂಲು?"

"ನಾನು ಕಟ್ಟಿದ್ದು."

"ಯಾಕೆ?"

ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿರಬೇಕು. "ನೀನೇ ಹೇಳಿದ್ದಲ್ಲ ಬಾಯ್? ಮೂರು ವಾರ ನೂಲು ಬಾರದಿದ್ದರೆ ಮೊಳೆ ಕೀಳ್ತೇವೆ ಅಂತ. ಆ ಗೋಡೆಯನ್ನು ನಾನು ನೋಡಿದ್ದೇನೆ. ಎರಡು ವಾರ ನನ್ನಿಂದ ಏಳ್ಲಿಕ್ಕೆ ಆಗ್ಲಿಲ್ಲ. ಮೂರನೇ ವಾರ ಎದ್ದೆ. ಶಾಲೆಯಿಂದ ಅವಳ ಹೆಸರು ತೆಗೆದರು, ಆಸ್ಪತ್ರೆಯಿಂದ ತೆಗೆದರು. ಅಲ್ಲಿಂದಲೂ ತೆಗೆಯುವುದು ನನಗೆ ಬೇಡ ಅನಿಸಿತು."

"ಆದರೆ ಒಂದು ಗಂಟು, ಬಿಳಿ ನೂಲು... ಅದು ಸುಳ್ಳಲ್ವಾ?"

"ಸುಳ್ಳು ಯಾಕೆ? ರಕ್ತ ಇಲ್ಲ, ಅದಕ್ಕೆ ಬಿಳಿ. ಗಂಟು ಅವಳದ್ದಲ್ಲ, ನನ್ನದು. ದಿನಕ್ಕೊಂದು ನಮಾನ್ ಮರಿಯೆ ಜಪ ಹೇಳಿ ಒಂದು ಗಂಟು ಹಾಕ್ತೇನೆ."

ಬರುವಾಗ ಆ ಹಾರ್ಲಿಕ್ಸ್ ಬಾಟಲಿಯನ್ನು ನನ್ನ ಮಡಿಲಿಗೆ ಹಾಕಿದರು. "ಬೇರೆ ಯಾರಿಗಾದರೂ ಆಗ್ತದಲ್ಲ." ಮತ್ತೆ ಗೇಟಿನವರೆಗೂ ಬಂದು ಕೇಳಿದರು, "ಮೊಳೆ ಕೀಳ್ತೀಯಾ?"

ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ರಸ್ತೆಗೆ ಇಳಿದೆ. ಉಸ್ಮಾನನ ಅಂಗಡಿಯ ಮುಂದೆ ನಿಂತು, "ನಿನಗೆ ಗೊತ್ತಿತ್ತು" ಎಂದೆ.

"ನಿಮಗೂ ಗೊತ್ತುಂಟು ಅಂತಲೇ ಎಣಿಸಿದ್ದೆ ಬಾಯಮ್ಮ. ಕಲಿತವರು, ವಾರ ವಾರ ಲೆಕ್ಕ ನೋಡುವವರು. ಗೊತ್ತಿದ್ದೂ ಆ ಮುದುಕಿಗಾಗಿ ಸುಮ್ಮನಿದ್ದೀರಿ ಅಂತ ನಾನು ಊರಿಡೀ ನಿಮ್ಮನ್ನು ಹೊಗಳಿದ್ದೇನೆ."

ಡಾಕ್ಟರ್ ಲಿಯೋ ಅವರಿಗೆ ಹೇಳಿದಾಗ ಅವರು ಗಾಜಿನ ಕೆಳಗಿನ ಚಾರ್ಟಿನ ಮೇಲೆ ಕೈ ಇಟ್ಟರು.

"ಹಾಜಿಯವರಿಗೆ ಲಿಲ್ಲಿ ಮುಂಬಯಿಗೆ ನರ್ಸಿಂಗಿಗೆ ಹೋದಳು ಅಂತ ಹೇಳುವ. ಎಷ್ಟು ಹುಡುಗಿಯರು ಹೋಗುವುದಿಲ್ಲ?"

"ಡಾಕ್ಟ್ರೇ!"

"ಹದಿನೈದು ಜನ ಬದುಕಿದ್ದಾರೆ ಸಿಸಿಲಿ. ಸತ್ತವಳಿಗಾಗಿ ಅವರ ಮಾತ್ರೆ ನಿಲ್ಲಿಸ್ತೀರಾ? ಸುಂದರಿಗೆ ನೀವೇ ಹೋಗ್ತೀರಾ ಹೇಳ್ಲಿಕ್ಕೆ?"

ಅವರು ಕೆಟ್ಟವರಲ್ಲ. ಆ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಇವತ್ತಿಗೂ ಕಷ್ಟ. ನಾಲ್ಕು ದಿನ ನಾನು ಅದಕ್ಕೆ ಒಪ್ಪಿಕೊಂಡೇ ಇದ್ದೆ. ಅಮ್ಮನಿಗೆ ಮಾತ್ರ ಹೇಳಿದೆ. ಅಮ್ಮ ಬಟ್ಟೆ ಹಿಂಡುತ್ತಾ, "ಕಲೆ ಹೋಗದಿದ್ದರೆ ಮಡಚಿ ಒಳಗೆ ಹಾಕಿ ಕೊಡುವವರು ಇದ್ದಾರೆ. ಹಾಸುವಾಗ ಗೊತ್ತಾಗ್ತದೆ" ಎಂದಳು, ಅಷ್ಟೆ.

ಶುಕ್ರವಾರ ಹಾಜಿಯವರು ಬಂದರು. ಅತ್ತರಿನ ವಾಸನೆ, ಬಿಳಿ ಟೋಪಿ, ನಿಧಾನದ ಹೆಜ್ಜೆ. ಒಂದು, ಎರಡು, ಮೂರು ಎಂದು ಮುಟ್ಟುತ್ತಾ ಬಂದರು. ನಾಲ್ಕನೆಯ ಮೊಳೆಯಲ್ಲಿ ಸುಂದರಿಯ ನೂಲು ಹಿಡಿದು, "ಇದು ಕಮ್ಮಿ ಆಗ್ತಾ ಉಂಟು" ಎಂದರು. ಒಂಬತ್ತಕ್ಕೆ ಬಂದಾಗ ಡಾಕ್ಟರ್ ಬಾಯಿ ತೆರೆದರು. ಅಷ್ಟರಲ್ಲಿ ನಾನು ಹೇಳಿಬಿಟ್ಟೆ.

"ಹಾಜಿಯವರೇ, ಲಿಲ್ಲಿ ಜೂನಿನಲ್ಲಿಯೇ ತೀರಿ ಹೋಗಿದ್ದಾಳೆ. ಇದು ಅವಳ ತಾಯಿ ಕಟ್ಟಿದ ನೂಲು. ನಾನು ನೋಡ್ಲಿಕ್ಕೆ ಹೋಗಲಿಲ್ಲ. ಸತ್ತದ್ದನ್ನು ಗುಣ ಆದದ್ದು ಅಂತ ಬರೆದೆ."

 ಹಾಜಿಯವರು ಕಟ್ಟನ್ನು ಬಿಡಲಿಲ್ಲ.

"ನೋವಿಲ್ಲ ಅಂತ ಕಟ್ಟಿದ್ದಾ ತಾಯಿ?"

"ಹೌದು."

"ಅವಳು ಕಟ್ಟಿದ್ದು ಸರಿಯೇ ಉಂಟು." ಮತ್ತೆ, "ಆ ಮಗಳೇ ಕಟ್ಟಿದ ಕಡೆಯದ್ದು ಎಲ್ಲಿ?" ಎಂದು ಕೇಳಿದರು.

ಬಿಳಿ ಕಟ್ಟುಗಳ ಹಿಂದೆ ಇದ್ದ ಜೂನಿನ ಕೆಂಪು ಕಟ್ಟನ್ನು ತೆಗೆದು ಕೊಟ್ಟೆ. ಅವರು ಕಣ್ಣು ಮುಚ್ಚಿ ಒಂದೊಂದೇ ಗಂಟು ಮುಟ್ಟಿದರು. ಬಹಳ ಹೊತ್ತು ಹಿಡಿಯಿತು. "ಇದು ನೆನಪುಂಟು ನನಗೆ. ಆ ಶುಕ್ರವಾರ ನಾನು ಮುಟ್ಟಿದ್ದೇನೆ. ಇಷ್ಟು ಗಂಟು ಉಂಟಲ್ಲ, ಯಾರಾದರೂ ಹೋಗಿದ್ದೀರಾ ಅಂತ ಕೇಳಬೇಕು ಅನಿಸಿತ್ತು. ಕೇಳಲಿಲ್ಲ. ಕಲಿತವರಿಗೆ ಗೊತ್ತುಂಟಲ್ಲ ಅಂತ."

ಏಳನೆಯ ನೂಲಿನ ತುದಿಯಲ್ಲಿ ಅವರ ಬೆರಳು ನಿಂತಿತು. "ಇದು ಎಂತ? ಇದೂ ಗಂಟಾ?"

ಬಗ್ಗಿ ನೋಡಿದೆ. ನೂಲು ಸುತ್ತಿತ್ತು, ಒಳಗೆ ತೂರಿಸಿತ್ತು, ಎಳೆದಿರಲಿಲ್ಲ.

"ಅದು ಬಿಗಿಯದ ಗಂಟು ಹಾಜಿಯವರೇ. ಲೆಕ್ಕಕ್ಕೆ ಹಿಡಿಯುವುದಿಲ್ಲ."

ಹೇಳಿ ಮುಗಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಜೂನಿನಲ್ಲಿ ಅದನ್ನು ನಾನು ನೋಡಿದ್ದೆ. ಎಣಿಸಬೇಕೋ ಬೇಡವೋ ಎಂದು ಪೆನ್ಸಿಲ್ ಹಿಡಿದು ಯೋಚಿಸಿ, ನಿಯಮ ನೆನಪಾಗಿ, ಬಿಟ್ಟಿದ್ದೆ. ಬಿಗಿಯಲು ಅವಳ ಬೆರಳಿನಲ್ಲಿ ಶಕ್ತಿ ಉಳಿದಿರಲಿಲ್ಲ ಎಂದು ನನಗೆ ಹೊಳೆದಿರಲಿಲ್ಲ. ಡಾಕ್ಟರ್ ಲಿಯೋ ಕಿಟಕಿಯ ಕಡೆಗೆ ತಿರುಗಿ ನಿಂತರು.

"ತಪ್ಪು ನನ್ನದೂ ಉಂಟು," ಎಂದರು ಹಾಜಿಯವರು ಕೊನೆಗೆ. "ಗುಣ ಆದದ್ದನ್ನು ತೋರಿಸಿ ಅಂದೆ. ತೋರಿಸಿ ಅಂದರೆ ಜನ ತೋರಿಸ್ತಾರೆ. ಇನ್ನು ಹಾಗೆ ಕೇಳುವುದಿಲ್ಲ. ಸತ್ತವರನ್ನೂ ತೋರಿಸಿ. ಮೊಳೆ ಕೀಳಬೇಡಿ. ಬಾಯಮ್ಮ, ನೀವು ನಡೀರಿ. ಎಷ್ಟು ಮನೆ ಉಂಟೋ ಅಷ್ಟಕ್ಕೂ ನಡೀರಿ."

ಮಾತ್ರೆ ನಿಲ್ಲಲಿಲ್ಲ. ಡಾಕ್ಟರ್ ಲಿಯೋ ತಾವೇ ಚಾರ್ಟು ಹರಿದರು. ನನ್ನೊಡನೆ ಎರಡು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಒಂದು ದಿನ ತಾವೂ ಕೊಡೆ ಹಿಡಿದು ನನ್ನ ಜತೆ ಬಿಕರ್ನಕಟ್ಟೆಗೆ ನಡೆದು ಬಂದರು. ಅವರು ಮುಂದೆ ಬರೆದ ಪ್ರಬಂಧದಲ್ಲಿ ಲಿಲ್ಲಿಗೆ ಒಂದು ಸಾಲು ಉಂಟು. ತೀರಿದಳು ಎಂದೇ ಉಂಟು. ಸುಂದರಿಯ ನೂಲು ಪೂರ್ತಿ ಬಿಳಿಯಾಗಲು ಇನ್ನೂ ಎರಡು ವರ್ಷ ಬೇಕಾಯಿತು. ಅವಳು ನನಗಿಂತ ಗಟ್ಟಿಯಾಗಿ ಬದುಕಿದಳು.

ಪಾವ್ಲಿನ್ ಬಾಯಿ ತಾವಿರುವವರೆಗೆ ಗುರುವಾರ ತಪ್ಪಿಸಲಿಲ್ಲ. ಡಬ್ಬಿಗೆ ಹಾಕಲು ಬಿಡದೆ ನಾನೇ ಹೋಗಿ ಅವರ ಕೈಯಿಂದ ತೆಗೆದುಕೊಂಡು ಬಂದು ಒಂಬತ್ತನೇ ಮೊಳೆಗೆ ಹಾಕುತ್ತಿದ್ದೆ. ಕಾರ್ಡಿನಲ್ಲಿ ಬರೆಯುತ್ತಿರಲಿಲ್ಲ. ಕಿಟಕಿ ತೆರೆದಾಗ ಬೇರೆ ಕಟ್ಟುಗಳೆಲ್ಲ ಅಲುಗಾಡಿದರೂ ಮೇಣ ಹಿಡಿದ ಅದು ಅಲುಗಾಡುತ್ತಿರಲಿಲ್ಲ. ಕೆಲಸಕ್ಕೆ ಹೊಸದಾಗಿ ಬಂದವರು ಕೇಳಿದರೆ, "ಮುಟ್ಟಿ ನೋಡಿ" ಎನ್ನುತ್ತಿದ್ದೆ. ಮುಟ್ಟಿದವರು ಮತ್ತೆ ಕೇಳುತ್ತಿರಲಿಲ್ಲ. ಮನೆಭೇಟಿಯನ್ನೂ ತಪ್ಪಿಸುತ್ತಿರಲಿಲ್ಲ.

ಆ ಹಂಚಿನ ಮನೆ ಈಗ ಇಲ್ಲ. ಅದನ್ನು ಕೆಡಹುವ ಮೊದಲು ನಾನು ಲಿಲ್ಲಿಯ ಆ ಕಡೆಯ ಕೆಂಪು ಕಟ್ಟನ್ನು ತಂದು ಟ್ರಂಕಿನಲ್ಲಿ ಇಟ್ಟೆ, ನನ್ನ ಬಿ.ಎಸ್ಸಿ. ಸರ್ಟಿಫಿಕೇಟಿನ ಮೇಲೆ. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಲು ತೆಗೆಯುತ್ತೇನೆ. ಒಂದೊಂದು ಗಂಟಿನಲ್ಲಿ ಕಪ್ಪು ಕೂದಲು ಇನ್ನೂ ಹಾಗೆಯೇ ಉಂಟು. ಏಳನೆಯ ನೂಲಿನ ತುದಿಯನ್ನೂ ನೋಡುತ್ತೇನೆ. ಇಷ್ಟು ಮಂದಿ ಮುಟ್ಟಿದರು, ಇಷ್ಟು ಗಾಳಿ ಬೀಸಿತು. ಆ ಅರ್ಧ ಗಂಟು ಬಿಗಿಯಲೂ ಇಲ್ಲ, ಬಿಚ್ಚಿ ಹೋಗಲೂ ಇಲ್ಲ.